ಬಸವನಹುಳುವಿನ ಸಂತಾನ

ಮಳೆ ಬಂದು ನಿಂತ ಮೇಲೆ, ಬೆನ್ನಿನ ಮೇಲೆ ಚಿಪ್ಪನ್ನು ಹೊತ್ತು ತೋಟದ ಗೋಡೆಯ ಮೇಲೆ ಮೆಲ್ಲಮೆಲ್ಲನೆ ಸಾಗುವ ಬಸವನಹುಳುವನ್ನು ಕಾಣದವರಾರು? ಫ್ರಾನ್ಸ್ ದೇಶದವರು ಇದರ ಕೆಲವು ಜಾತಿಗಳನ್ನು ಬೆಣ್ಣೆ ಬೆಳ್ಳುಳ್ಳಿಗಳೊಡನೆ ಬೇಯಿಸಿ ಔತಣಗಳಲ್ಲಿ ಬಡಿಸುವರೆಂದರೆ ಶ್ರೋತೃಗಳಲ್ಲಿ ಅನೇಕರು ಹುಬ್ಬೇರಿಸಬಹುದು. ಅವರ ಊಟದ ವಿಚಾರವನ್ನು ಅವರಿಗೇ ಬಿಡೋಣ. ನಾವು ಈಗ ಕೇಳಬೇಕಾದ ಪ್ರಶ್ನೆ ಬೇರೆ: ಕೋಳಿಯನ್ನೂ ರೇಷ್ಮೆಹುಳುವನ್ನೂ ಎಂದೋ ಸಾಕಿಕೊಂಡ ಮನುಷ್ಯನಿಗೆ, ಓಡಿಹೋಗಲೂ ಆರದ ಈ ಜಂತುವನ್ನು ಸಾಕುವುದು ಇಷ್ಟು ಕಷ್ಟವಾದುದೇಕೆ? ಇದಕ್ಕೆ ಉತ್ತರವು ಅದರ ಮೊಟ್ಟೆಯಲ್ಲಿದೆ.

ಪ್ರಯತ್ನವೇನೋ ಹಳೆಯದು. ಕ್ರಿಸ್ತಪೂರ್ವ ೪೯ರಲ್ಲಿ ಆರಂಭವಾದ ರೋಮಿನ ಅಂತರ್ಯುದ್ಧಕ್ಕೆ ಸ್ವಲ್ಪ ಮುಂಚೆ, ಫುಲ್ವಿಯಸ್ ಲಿಪ್ಪಿನಸ್ ಎಂಬಾತನು ತಾರ್ಕ್ವೀನಿಯದ ಬಳಿ ಇವುಗಳಿಗೆಂದೇ ಆವರಣಗಳನ್ನು ಮಾಡಿಸಿ, ಒಂದೊಂದು ಜಾತಿಯನ್ನೂ ಬೇರೆಯಾಗಿಟ್ಟು ಸಾಕಿದನೆಂದು ಪ್ಲಿನಿಯು ಬರೆದಿರುವನು. ಆದರೆ ಅನಂತರ ಬಹುಕಾಲ ಯೂರೋಪಿನಲ್ಲಿ ಹೆಚ್ಚಾಗಿ ನಡೆದುದು ಕಾಡು ಬೇಲಿಗಳಲ್ಲಿ ಆಯ್ದು ತರುವ ಕೆಲಸವೇ. ವಸಂತದಲ್ಲಿ ಹೊರಬಂದ ಹುಳುವನ್ನು ಮೊಟ್ಟೆಯಿಡುವ ಮೊದಲೇ ಹಿಡಿದರೆ ಒಂದರೊಡನೆ ಹತ್ತಾರು ನಷ್ಟವಾಗುವುವು. ಆದುದರಿಂದಲೇ ಫ್ರಾನ್ಸಿನ ಸರ್ಕಾರವು ೧೯೭೯ರಲ್ಲಿ ಒಂದು ಆಜ್ಞೆಯನ್ನು ಹೊರಡಿಸಿ, ಬರ್ಗಂಡಿಯ ದೊಡ್ಡ ಬಸವನಹುಳುವನ್ನು ಏಪ್ರಿಲ್ ೧ರಿಂದ ಜೂನ್ ೩೦ರ ವರೆಗೆ ಆಯಕೂಡದೆಂದು ವಿಧಿಸಿತು.

ಬಸವನಹುಳುವಿನಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ, ಪ್ರತಿಯೊಂದೂ ಉಭಯಲಿಂಗಿ. ಆದರೂ ಸಾಮಾನ್ಯವಾಗಿ ಎರಡು ಕೂಡಿಯೇ ಸಂತಾನವಾಗಬೇಕು. ಇವುಗಳ ಸಮಾಗಮವು ಹಲವು ಗಂಟೆಗಳ ಕಾಲ ನಡೆಯುವುದು. ಅದಕ್ಕೆ ಮೊದಲು ಒಂದು ಮತ್ತೊಂದರ ಮೈಗೆ ಸುಣ್ಣದ ಸಣ್ಣ ಅಂಬೊಂದನ್ನು ಚುಚ್ಚುವುದುಂಟು. ನಮ್ಮ ಕವಿಗಳ ಮನ್ಮಥನು ಹೂವಿನ ಬಾಣವನ್ನು ಹೂಡಿದರೆ ಇದು ಸುಣ್ಣದ ಬಾಣವನ್ನು ಹೂಡುವುದು! ಇದು ಬರಿಯ ಆಟವಲ್ಲ. ಬಾಣಕ್ಕೆ ಹತ್ತಿದ ಲೋಳೆಯು ಚುಚ್ಚಿಸಿಕೊಂಡ ಹುಳುವಿನ ದೇಹದಲ್ಲಿ ವೀರ್ಯವು ಜೀರ್ಣವಾಗಿ ಹೋಗದಂತೆ ತಡೆಯುವುದೆಂಬುದನ್ನು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ರೊನಾಲ್ಡ್ ಚೇಸ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಹೀಗೆ ಉಳಿದ ವೀರ್ಯವನ್ನು ಹುಳು ಬಹುಕಾಲ ಕಾಪಾಡಿಕೊಳ್ಳಬಲ್ಲುದು.

ಕೂಡಿದ ಎರಡೂ ಮೊಟ್ಟೆಯಿಡುವುವು. ಸಾಕಣೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ಸಣ್ಣ ಬೂದುಬಣ್ಣದ ಜಾತಿಯು ಎರಡು ಮೂರು ವಾರಗಳಲ್ಲಿ ಇದಕ್ಕೆ ಸಿದ್ಧವಾಗುವುದು. ಆಗ ಅದು ತೇವವಾದ ಸಡಿಲ ಮಣ್ಣನ್ನು ಹುಡುಕಿ, ತಲೆಯನ್ನೂ ಮೈಯ ಮುಂಭಾಗವನ್ನೂ ಒಳಕ್ಕೆ ತೂರಿಸಿ ಕೆಲವು ಸೆಂಟಿಮೀಟರು ಆಳದ ಗುಂಡಿಯನ್ನು ಮಾಡುವುದು. ಚಿಪ್ಪು ಮಾತ್ರ ಮೇಲೆ ಕಾಣುತ್ತಿರುವುದು. ಮೊಟ್ಟೆಯು ಹೊರಬರುವ ದ್ವಾರವು ತಲೆಯ ಬಲಪಕ್ಕದಲ್ಲಿರುವುದರಿಂದ ಈ ಭಂಗಿಯೇ ಅದಕ್ಕೆ ಅನುಕೂಲ. ಸುಮಾರು ೪ ಮಿಲಿಮೀಟರು ಅಗಲದ ಬಿಳಿಯ ಮೊಟ್ಟೆಗಳು ಒಂದೊಂದಾಗಿ ಬೀಳುವುವು. ನೂರರಷ್ಟು ಮೊಟ್ಟೆಗಳನ್ನಿಡಲು ಒಂದು ದಿನವೋ, ಅದಕ್ಕೂ ಹೆಚ್ಚೋ ಹಿಡಿಯುವುದು. ಬಳಿಕ ಗುಂಡಿಯನ್ನು ಮುಚ್ಚಿ ಹೊರಟುಹೋದರೆ ತಾಯಿಯ ಕೆಲಸ ಮುಗಿಯಿತು. ಬಳಲಿ ಅಲ್ಲಿಯೇ ಸಾಯುವುವೂ ಉಂಟು.

ಸಾಕುವವನ ಕಷ್ಟ ಪ್ರಾರಂಭವಾಗುವುದು ಇಲ್ಲಿಯೇ. ಕೋಳಿಯ ಮೊಟ್ಟೆಗಿರುವ ಗಟ್ಟಿ ಕವಚ ಇದಕ್ಕಿಲ್ಲ. ಮಣ್ಣು ಒಣಗಿದರೆ ಮೊಟ್ಟೆ ಸುಕ್ಕಿಹೋಗುವುದು. ನೀರು ನಿಂತರೆ ಉಸಿರಿಲ್ಲದೆ ಕೊಳೆಯುವುದು. ಮಣ್ಣಿನಲ್ಲಿ ಸೂಕ್ಷ್ಮ ಕ್ರಿಮಿಗಳಿದ್ದರೆ ಇಡೀ ಗೂಡೇ ಹಾಳು. ಆದುದರಿಂದ ಪಾಲಕರು ಶುದ್ಧವಾದ ತೇವದ ಮಣ್ಣನ್ನು ಸಣ್ಣ ಕುಂಡಗಳಲ್ಲಿ ತುಂಬಿಡುವರು. ಹುಳು ಮೊಟ್ಟೆಯಿಟ್ಟೊಡನೆ ಆ ಕುಂಡವನ್ನು ಬೇರೆ ಕೋಣೆಗೆ ಸಾಗಿಸುವರು. ಚಳಿಗಾಲದಲ್ಲಿ ಹುಳುಗಳನ್ನು ತಂಪಿನಲ್ಲಿ ಮಲಗಿಸಿ, ಬಳಿಕ ಎಬ್ಬಿಸಿ, ಸುಮಾರು ೨೦ ಡಿಗ್ರಿ ಶಾಖವನ್ನೂ ದಿನಕ್ಕೆ ಹದಿನಾರು ಹದಿನೆಂಟು ಗಂಟೆಗಳ ದೀಪದ ಬೆಳಕನ್ನೂ ಒದಗಿಸಿದರೆ ಅವು ವಸಂತವೇ ಬಂದಿತೆಂದು ತಿಳಿದು ಕೂಡುವುವು. ಈ ಕ್ರಮಗಳನ್ನು ಪರೀಕ್ಷಿಸಿ ರೂಢಿಗೆ ತಂದುದರಲ್ಲಿ ಫ್ರಾನ್ಸಿನ ಲೆ ಮಾನ್ಯರೋ ಎಂಬಲ್ಲಿನ ಸರ್ಕಾರೀ ಕೃಷಿ ಸಂಶೋಧನಾ ಕೇಂದ್ರದ ಪಾಲು ದೊಡ್ಡದು.

ಎರಡು ಮೂರು ವಾರಗಳಲ್ಲಿ ಮರಿಗಳು ಒಡೆದು ಬರುವುವು. ಅವುಗಳ ಮೊದಲ ಆಹಾರ ತಮ್ಮ ಮೊಟ್ಟೆಯ ಸಿಪ್ಪೆಯೇ. ಹೊಸ ಚಿಪ್ಪಿಗೆ ಬೇಕಾದ ಸುಣ್ಣವು ಅದರಲ್ಲಿದೆ. ಮೊದಲು ಹುಟ್ಟಿದವು ಇನ್ನೂ ಒಡೆಯದ ನೆರೆಯ ಮೊಟ್ಟೆಗಳನ್ನು ತಿಂದುಬಿಡುವುದೂ ಉಂಟು. ಕೆಲವು ದಿನಗಳ ಮೇಲೆ ಅವು ಮಣ್ಣಿನಿಂದ ಹೊರಬರುವುವು. ಈ ಸಣ್ಣ ಜಾತಿಯು ಒಂದು ಬೇಸಗೆಯಲ್ಲಿಯೇ ಬೆಳೆದು ಮಾರಾಟಕ್ಕೆ ಬರುವುದು. ಬರ್ಗಂಡಿಯ ಜಾತಿಗೆ ಎರಡು ಮೂರು ವರ್ಷಗಳು ಬೇಕು. ರುಚಿಗೆ ಹೆಸರಾದುದು ಆ ದೊಡ್ಡ ಜಾತಿಯಾದರೂ ಸಾಕುವವರು ಸಣ್ಣದನ್ನೇ ಆರಿಸುವ ಕಾರಣ ಇದು.

ಇದೆಲ್ಲ ದೂರದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ೧೮೪೭ರಲ್ಲಿ ಬೆನ್ಸನ್ ಎಂಬುವರು ಮಾರಿಷಸ್ಸಿನಿಂದ ಕಲ್ಕತ್ತೆಗೆ ತಂದು ಬಿಟ್ಟ ಆಫ್ರಿಕದ ದೊಡ್ಡ ಬಸವನಹುಳುವು ಹರಡುತ್ತ ಬಂದು, ಇತ್ತೀಚಿನ ವರ್ಷಗಳಲ್ಲಿ ಕೊಡಗಿನ ಶನಿವಾರಸಂತೆಯ ಕಡೆಯ ಕಾಫಿ ತೋಟಗಳನ್ನೂ ಕಾಡಿರುವುದು. ಅದೂ ಸಡಿಲ ಮಣ್ಣಿನಲ್ಲಿಯೇ ನೂರಾರು ಮೊಟ್ಟೆಗಳನ್ನಿಡುವುದು. ಅದೂ ವೀರ್ಯವನ್ನು ಕೂಡಿಟ್ಟುಕೊಳ್ಳುವುದರಿಂದ ಕೂಡಿದ ಒಂದೇ ಹುಳುವು ಹೊಸ ತೋಟವೊಂದನ್ನು ತುಂಬಬಲ್ಲುದು. ಮಳೆ ಬಿದ್ದೊಡನೆ ಹುಳುಗಳನ್ನು ಆಯ್ದು, ಮಣ್ಣಿನಲ್ಲಿರುವ ಮೊಟ್ಟೆಯ ಗೂಡುಗಳನ್ನು ಹುಡುಕಿ ನಾಶಮಾಡಿದ ತೋಟಗಾರನು ಒಂದು ಇಡೀ ಪೀಳಿಗೆಯನ್ನು ತಡೆದಂತಾಯಿತು. ಫ್ರಾನ್ಸಿನ ಪಾಲಕನು ಕಾಪಾಡಲು ಬಳಸುವ ತಿಳಿವಳಿಕೆಯನ್ನೇ ನಮ್ಮ ತೋಟಗಾರನು ತೊಲಗಿಸಲು ಬಳಸಬೇಕು. ಇಬ್ಬರ ಲಾಭನಷ್ಟವೂ ಮಣ್ಣಿನೊಳಗಿನ ಆ ಎರಡು ಮೂರು ವಾರಗಳಲ್ಲಿಯೇ ತೀರ್ಮಾನವಾಗುವುದು.