ಪಿಗ್ಮಿ ಲೆಕ್ಕ: ಮೊದಲು ಉಳಿತಾಯ, ಆಮೇಲೆ ಖರ್ಚು

ಶಿಕಾಗೊ, ಡೆಟ್ರಾಯ್ಟ್ ಕಡೆ ಹುಟ್ಟಿ ಬೆಳೆದ ನಮ್ಮ ಹುಡುಗ ಹುಡುಗಿಯರ ಜೊತೆ ಇವತ್ತು ದುಡ್ಡಿನ ವಿಷಯ ಮಾತಾಡೋಣ ಅಂತ ಬಂದಿದ್ದೇನೆ. ನಮ್ಮ ಮನೆಗಳಲ್ಲಿ ಮಕ್ಕಳ ಮಾರ್ಕ್ಸ್ ಬಗ್ಗೆ ಊಟದ ಮೇಜಿನ ಮೇಲೇ ಚರ್ಚೆ ನಡೆಯುತ್ತದೆ. ಸಂಬಳ, ಸಾಲ, ಊರಿಗೆ ಕಳಿಸುವ ಹಣದ ಮಾತು ಮಾತ್ರ ನೀವು ಮಲಗಿದ ಮೇಲೆ. ಹಾಗಾಗಿ ಮೊದಲ ಸಂಬಳ ಕೈಗೆ ಬಂದಾಗ ಅದನ್ನು ಏನು ಮಾಡಬೇಕೆಂದು ನಿಮಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ನಿಮ್ಮ ಅಜ್ಜ ಅಜ್ಜಿ ಉಡುಪಿ, ಮಂಗಳೂರು ಕಡೆಯವರಾದರೆ ಅವರನ್ನು ಒಮ್ಮೆ "ಪಿಗ್ಮಿ ಅಂದರೇನು?" ಎಂದು ಕೇಳಿ ನೋಡಿ. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಪುಟ್ಟ ಬ್ಯಾಂಕು ತೆರೆದರು. ಕೈಮಗ್ಗದ ಕಸುಬು ಕುಸಿದು ಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗಬೇಕೆಂಬುದು ಉದ್ದೇಶ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು, 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನ ಜೊತೆ ವಿಲೀನವಾಯಿತು. ಆ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಬ್ಯಾಂಕಿನ ಏಜೆಂಟರು ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಸರಿ, ತೆಗೆದುಕೊಂಡು ಬರೆದುಕೊಂಡು ಹೋಗುತ್ತಿದ್ದರು.

ಎರಡಾಣೆ ಎಂದರೆ ಎಷ್ಟು? ಆಗ ರೂಪಾಯಿಗೆ ಹದಿನಾರು ಆಣೆ. ("ಹದಿನಾರಾಣೆ ನಿಜ" ಎಂದು ದೊಡ್ಡವರು ಹೇಳುವುದು ಅದಕ್ಕೇ, ನೂರಕ್ಕೆ ನೂರು ನಿಜ ಎಂದರ್ಥ.) ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ದಿನಗೂಲಿಯವರಿಗೆ ಇಷ್ಟು ಹಣ ಒಟ್ಟಿಗೆ ಕಾಣುವುದೇ ಅಪರೂಪವಾಗಿತ್ತು.

ಪಿಗ್ಮಿಗೆ ಸಿಗುವ ಬಡ್ಡಿ ದೊಡ್ಡದೇನಲ್ಲ. ಮನೆ ಮನೆಗೆ ಬರುವ ಏಜೆಂಟರಿಗೆ ಕಮಿಷನ್ ಕೊಡಬೇಕಲ್ಲ! ಆದರೂ ಜನ ಕಟ್ಟುತ್ತಾರೆ. ಕಾರಣ ಎರಡು. ಒಂದು, ಕೈಯಲ್ಲಿರುವ ದುಡ್ಡು ಖರ್ಚಾಗುವ ಮೊದಲೇ ಅವನು ಬಂದು ನಿಲ್ಲುತ್ತಾನೆ. ಎರಡು, ಅವಧಿಗೆ ಮುಂಚೆ ಮುರಿದರೆ ನಷ್ಟ, ಹಾಗಾಗಿ ಸುಮ್ಮಸುಮ್ಮನೆ ಕೈ ಹಾಕುವುದಿಲ್ಲ. "ತಿಂಗಳ ಕೊನೆಗೆ ಉಳಿದದ್ದನ್ನು ಉಳಿಸುತ್ತೇನೆ" ಎಂದರೆ ನನ್ನ ಅನುಭವದಲ್ಲಿ ಏನೂ ಉಳಿಯುವುದಿಲ್ಲ.

ಇದನ್ನು ಇಲ್ಲಿಗೆ ಹೊಂದಿಸೋಣ. ಇಲಿನಾಯ್‌ನಲ್ಲಿ 2025ರ ಜನವರಿಯಿಂದ ಕನಿಷ್ಠ ಕೂಲಿ ಗಂಟೆಗೆ 15 ಡಾಲರ್. ಬೇಸಿಗೆ ರಜೆಯಲ್ಲಿ ವಾರಕ್ಕೆ 40 ಗಂಟೆ ದುಡಿದರೆ 600. ಅದರಲ್ಲಿ ಸೋಶಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ಗೆ ಶೇ. 7.65, ಅಂದರೆ 45 ಡಾಲರ್ 90 ಸೆಂಟ್ ಹೋಗುತ್ತದೆ. ರಾಜ್ಯದ ಆದಾಯ ತೆರಿಗೆ ಇಲಿನಾಯ್‌ನಲ್ಲಿ ಶೇ. 4.95, ಮಿಶಿಗನ್‌ನಲ್ಲಿ ಶೇ. 4.25. ಫೆಡರಲ್ ತೆರಿಗೆಯೂ ಕಳೆದು ಕೈಗೆ ಬರುವುದು 500ರ ಆಸುಪಾಸು. ಮನಸ್ಸಿನಲ್ಲಿ 600 ಇಟ್ಟುಕೊಂಡು ಖರ್ಚು ಹಾಕಿದರೆ ಅಲ್ಲೇ ಎಡವಟ್ಟು.

ಡೈರೆಕ್ಟ್ ಡೆಪಾಸಿಟ್ ಫಾರ್ಮ್‌ನಲ್ಲಿ ಸಂಬಳವನ್ನು ಎರಡು ಖಾತೆಗೆ ಹಂಚಲು ಬಹಳಷ್ಟು ಕಡೆ ಅವಕಾಶ ಇರುತ್ತದೆ. ಅದೇ ನಿಮ್ಮ ಪಿಗ್ಮಿ ಏಜೆಂಟು. ವಾರಕ್ಕೆ 25 ಡಾಲರ್ ಆ ಎರಡನೆಯ ಖಾತೆಗೆ ಹೋಗಲಿ, ವರ್ಷಕ್ಕೆ 1,300 ಆಗುತ್ತದೆ. ಆ ಖಾತೆ ಬೇರೆ ಬ್ಯಾಂಕಿನಲ್ಲಿರಲಿ, ಅದಕ್ಕೆ ಡೆಬಿಟ್ ಕಾರ್ಡ್ ಬೇಡ. ಹಣ ವಾಪಸ್ ಬರಲು ಒಂದೆರಡು ದಿನ ಹಿಡಿಯಬೇಕು. ಅಷ್ಟರಲ್ಲಿ ಆ ಶೂ ಬೇಕೋ ಬೇಡವೋ ಎನ್ನುವುದು ನಿಮಗೇ ಗೊತ್ತಾಗಿರುತ್ತದೆ. ಬ್ಯಾಂಕಿಗೆ ಎಫ್‌ಡಿಐಸಿ ವಿಮೆ ಇದೆಯೇ ನೋಡಿಕೊಳ್ಳಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 2,50,000 ಡಾಲರ್‌ವರೆಗೆ ರಕ್ಷಣೆ ಇರುತ್ತದೆ.

ಇಷ್ಟೆಲ್ಲ ಯಾಕೆ, ಅಪ್ಪ ಅಮ್ಮ ಇದ್ದಾರಲ್ಲ ಎನ್ನುತ್ತೀರಾ? ಡೆಟ್ರಾಯ್ಟ್‌ನವರಿಗೆ 2009 ಮರೆತಿಲ್ಲ. ಆ ವರ್ಷ ಏಪ್ರಿಲ್ 30ಕ್ಕೆ ಕ್ರೈಸ್ಲರ್, ಜೂನ್ 1ಕ್ಕೆ ಜನರಲ್ ಮೋಟಾರ್ಸ್ ದಿವಾಳಿ ಅರ್ಜಿ ಹಾಕಿದವು. ಟ್ರಾಯ್, ನೊವೈ, ಫಾರ್ಮಿಂಗ್ಟನ್ ಹಿಲ್ಸ್ ಸುತ್ತಮುತ್ತಲ ನಮ್ಮವರಲ್ಲಿ ಎಷ್ಟೋ ಜನ ಕಾರು ಕಂಪನಿಗಳನ್ನೋ ಅವಕ್ಕೆ ಬಿಡಿಭಾಗ ಕೊಡುವವರನ್ನೋ ನಂಬಿಕೊಂಡ ಇಂಜಿನಿಯರುಗಳು. ಮಿಶಿಗನ್‌ನಲ್ಲಿ ರಾಜ್ಯದ ನಿರುದ್ಯೋಗ ಭತ್ಯೆ 2002ರಿಂದ 2024ರವರೆಗೂ ವಾರಕ್ಕೆ ಗರಿಷ್ಠ 362 ಡಾಲರ್ ಆಗಿಯೇ ಇತ್ತು. 2025ರಲ್ಲಿ ಅದು 446ಕ್ಕೆ ಏರಿತು. ಮನೆ ಸಾಲದ ಕಂತು ಕಟ್ಟುವವರಿಗೆ ಅದು ಯಾವ ಮೂಲೆಗೆ?

ಎಚ್-1ಬಿ ವೀಸಾದಲ್ಲಿರುವವರ ಕಥೆ ಇನ್ನೂ ಬಿಗಿ. ಕೆಲಸ ಹೋದರೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ವೀಸಾ ಬದಲಾಯಿಸಬೇಕು, ಇಲ್ಲವೇ ಹೊರಡಬೇಕು. ಇಲ್ಲೇ ಹುಟ್ಟಿದ ನಿಮಗೆ ಆ ಅರವತ್ತು ದಿನದ ಭಯ ಇಲ್ಲದಿರಬಹುದು. ನಿಮ್ಮ ಅಮ್ಮ ಹಳೆಯ ಮೊಸರಿನ ಡಬ್ಬಿ ತೊಳೆದಿಡುವುದನ್ನು ನೋಡಿ ನಗುವ ಮೊದಲು ಅದನ್ನು ನೆನೆಯಿರಿ. ಅವರದು ಜಿಪುಣತನ ಅಂತ ನನಗಂತೂ ಅನ್ನಿಸುವುದಿಲ್ಲ. ಕನ್ನಡದಲ್ಲಿ ಅದಕ್ಕೆ ಮಿತವ್ಯಯ ಎಂಬ ಒಳ್ಳೆಯ ಪದ ಇದೆ.

ಆದ್ದರಿಂದ ಮೊದಲ ಗುರಿ ಆಪತ್ತಿನ ಹಣ. ಮನೆಗೆ ಕನಿಷ್ಠ ಮೂರು ತಿಂಗಳ ಖರ್ಚು, ವೀಸಾದವರಿಗೆ ಆರಾದರೆ ವಾಸಿ. ಎಷ್ಟು ಬೇಕೆಂದು ತಿಳಿಯಲು ಅಪ್ಪ ಅಮ್ಮನ ಪಕ್ಕ ಕೂತು ಒಂದು ಕಾಗದದಲ್ಲಿ ಬರೆಯಿರಿ: ಮನೆ ಕಂತು, ಕಾರು, ವಿಮೆ, ದಿನಸಿ, ಗ್ಯಾಸು, ಫೋನು, ಊರಿಗೆ ಕಳಿಸುವುದು. ತಿಂಗಳ ಬಿಲ್ಲುಗಳು ಎಲ್ಲರಿಗೂ ನೆನಪಿರುತ್ತವೆ. ಲೆಕ್ಕ ತಪ್ಪಿಸುವುದು ವರ್ಷಕ್ಕೊಂದೆರಡು ಸಲ ಬರುವವು. ನೇಪರ್‌ವಿಲ್ ಕಡೆ ಆಸ್ತಿ ತೆರಿಗೆ ಜೂನ್‌ಗೊಮ್ಮೆ, ಸೆಪ್ಟೆಂಬರ್‌ಗೊಮ್ಮೆ. ಮಿಶಿಗನ್‌ನಲ್ಲಿ ಬೇಸಿಗೆಗೊಂದು, ಚಳಿಗಾಲಕ್ಕೊಂದು. ಕಾರಿನ ವಿಮೆ, ಬೆಂಗಳೂರಿನ ಟಿಕೆಟ್ಟು ಕೂಡ ಇದೇ ಜಾತಿ. ಎಲ್ಲ ಕೂಡಿಸಿ ಹನ್ನೆರಡರಿಂದ ಭಾಗಿಸಿ, ತಿಂಗಳ ಖರ್ಚಿಗೆ ಸೇರಿಸಿ. ನಮ್ಮದು ಒಂದೇ ಸಂಬಳದ ಮನೆ, ಈ ಭಾಗಾಕಾರ ಇಲ್ಲದಿದ್ದರೆ ನಮ್ಮ ಜೂನ್ ದಾಟುವುದಿಲ್ಲ.

ಅಡುಗೆಮನೆಯಲ್ಲಿ ಉಳಿಸುವುದು ಹೇಗೆಂದು ಪಟ್ಟಿ ಕೊಡುವುದಿಲ್ಲ. ಅಕ್ಕಿ, ತೊಗರಿಬೇಳೆ ದೊಡ್ಡ ಚೀಲದಲ್ಲಿ ತನ್ನಿ, ಸಾರಿನ ಪುಡಿ ಮನೆಯಲ್ಲೇ ಮಾಡಿ, ಅಷ್ಟೇ. ಅನ್ನ ಸಾರು ಮಾಡಲು ಬರುವವರಿಗೆ ವಾರಕ್ಕೆ ಎರಡು ಸಲ ಊಟ ತರಿಸುವುದು ತಪ್ಪುತ್ತದೆ, ನಿಮ್ಮ 25 ಡಾಲರ್ ಅಲ್ಲೇ ಸಿಗುತ್ತದೆ.

ಕ್ರೆಡಿಟ್ ಕಾರ್ಡಿನ ವಿಷಯ ಒಂದು ಮಾತು. ಶೇ. 24 ಬಡ್ಡಿಯ ಕಾರ್ಡಿನಲ್ಲಿ 1,000 ಡಾಲರ್ ಬಾಕಿ ಉಳಿಸಿದರೆ ತಿಂಗಳಿಗೆ ಸುಮಾರು 20 ಡಾಲರ್ ಬಡ್ಡಿ. ನಿಮ್ಮ ಒಂದು ವಾರದ ಪಿಗ್ಮಿ ಹೆಚ್ಚುಕಡಿಮೆ ಅಷ್ಟೇ! ಕಾರ್ಡಿನ ಬಾಕಿ ಇದ್ದವರು ಮೊದಲು ಅದನ್ನು ತೀರಿಸಿ, ಆಮೇಲೆ ಉಳಿತಾಯಕ್ಕೆ ಬನ್ನಿ.

ಆಪತ್ತಿನ ಹಣ ತುಂಬಿದ ಮೇಲೆ ಆ ವಾರದ 25 ಡಾಲರನ್ನು ನಿಲ್ಲಿಸಬೇಡಿ, ರಾತ್ ಐಆರ್‌ಎ ಖಾತೆಗೆ ತಿರುಗಿಸಿ. ದುಡಿದ ಆದಾಯ ಇದ್ದವರು ತೆರೆಯಬಹುದು, 2025ಕ್ಕೆ ಮಿತಿ 7,000 ಡಾಲರ್, ಆದರೆ ದುಡಿದದ್ದಕ್ಕಿಂತ ಹೆಚ್ಚು ಹಾಕುವಂತಿಲ್ಲ. ಹದಿನೆಂಟು ತುಂಬದವರ ಹೆಸರಿನಲ್ಲಿ ಅಪ್ಪ ಅಥವಾ ಅಮ್ಮ ತೆರೆದು ನೋಡಿಕೊಳ್ಳಬಹುದು. ಫಾರ್ಮ್ ತುಂಬುವಾಗ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.