ಹೊಲದಿಂದ ಕಾಟಾವರೆಗೆ

ಆಳಂದ ತಾಲ್ಲೂಕಿನ ಭೂಸನೂರು, ಅಫಜಲಪುರದ ಹವಳಗಾ, ಜೇವರ್ಗಿ ಸೀಮೆಯ ಮಳ್ಳಿ. ಮೂರೂ ಕಡೆ ಸಕ್ಕರೆ ಕಾರ್ಖಾನೆಗಳಿವೆ. ಹಂಗಾಮು ಶುರುವಾದರೆ ಈ ಸೀಮೆಯ ರಸ್ತೆಗಳಲ್ಲಿ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳದೇ ಸಾಲು. ಅವುಗಳಲ್ಲಿ ಹೆಚ್ಚಿನವು ಕಾರ್ಖಾನೆಯವಲ್ಲ. ಕಬ್ಬು ಕಡಿಯುವವರೂ ಅಲ್ಲಿನ ನೌಕರರಲ್ಲ. ಟ್ರ್ಯಾಕ್ಟರನ್ನೂ ಕಡಿಯುವವರನ್ನೂ ಹೊಂದಿಸಿಕೊಡುವವನು ಕಟಾವು–ಸಾಗಣೆ ಗುತ್ತಿಗೆದಾರ. ಎಷ್ಟೋ ಸಲ ಒಂದೆರಡು ಟ್ರ್ಯಾಕ್ಟರ್ ಇಟ್ಟುಕೊಂಡ ಊರಿನ ರೈತನೇ ಗುತ್ತಿಗೆದಾರನೂ ಆಗಿರುತ್ತಾನೆ.

ಅವನ ಕೆಲಸ ಮಳೆಗಾಲದಲ್ಲೇ ಶುರು. ಕಾರ್ಖಾನೆಯೊಂದಿಗೆ ಕರಾರು ಮಾಡಿಕೊಂಡು, ಮುಂಗಡ ಪಡೆದು, ಅದನ್ನು ಟೋಳಿಯ, ಅಂದರೆ ಕಬ್ಬು ಕಡಿಯುವ ತಂಡದ, ಮುಖ್ಯಸ್ಥನಾದ ಮುಕಾದಮನ ಕೈಗೆ ಕೊಡಬೇಕು. ಮಹಾರಾಷ್ಟ್ರದ ಬೀಡ್ ಕಡೆಯ ಟೋಳಿಗಳಲ್ಲಿ ಗಂಡ–ಹೆಂಡತಿ ಸೇರಿ ಒಂದು ‘ಕೊಯ್ತಾ’. ಲೆಕ್ಕವೆಲ್ಲ ಜೋಡಿಯ ಮೇಲೆಯೇ. ಮುಂಗಡ ತಿಂದ ಮುಕಾದಮ ಹಂಗಾಮಿಗೆ ಬಾರದಿದ್ದರೆ ಸಾಲ ಗುತ್ತಿಗೆದಾರನ ತಲೆಗೆ.

ಹೊಲದಲ್ಲಿ ನಿಂತು ನೋಡಿದರೆ ಈ ಕೆಲಸದ ಭಾರ ತಿಳಿಯುತ್ತದೆ. ಗಂಡಸು ಬುಡಕ್ಕೆ ಬಾಗಿ ಕಡಿದು ತುದಿಯ ಸೋಗೆ ಹಾರಿಸುತ್ತಾನೆ. ಹೆಂಗಸು ರವದಿ ಬಿಡಿಸಿ ಹೊರೆ ಕಟ್ಟುತ್ತಾಳೆ. ಟ್ರೇಲರಿಗೆ ಆನಿಸಿದ ಹಲಗೆಯ ಮೇಲೆ, ತಲೆಹೊರೆ ಹೊತ್ತು, ಸಮತೋಲ ತಪ್ಪದಂತೆ ಹತ್ತಬೇಕು. ಹೇರುವ ಹೊತ್ತಿಗೆ ಎಷ್ಟೋ ದಿನ ಕತ್ತಲಾಗಿರುತ್ತದೆ. ಅವಸರಕ್ಕೂ ಕಾರಣವುಂಟು. ಕಡಿದ ಕಬ್ಬನ್ನು ಒಂದು ದಿನದೊಳಗೆ ಅರೆದರೆ ಒಳಿತು. ತಡವಾದಷ್ಟೂ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಕರಗುತ್ತದೆ. ಕಾರ್ಖಾನೆಯ ಯಾರ್ಡಿನಲ್ಲಿ ಟ್ರ್ಯಾಕ್ಟರ್ ಸಾಲಿನಲ್ಲಿ ನಿಂತರೆ, ತೂಕದ ಕಾಟಾ ಏರುವ ಮುಂಚೆಯೇ ರೈತನಿಗೆ ನಷ್ಟ.

ಆದರೂ ಈ ಗುತ್ತಿಗೆಯಲ್ಲಿ ರೈತನ ಸಹಿ ಇರುವುದಿಲ್ಲ. ಕರಾರು ಕಾರ್ಖಾನೆ ಮತ್ತು ಗುತ್ತಿಗೆದಾರನ ನಡುವೆ. ಖರ್ಚು ಮುರಿದುಕೊಳ್ಳುವುದು ರೈತನ ಬಿಲ್ಲಿನಲ್ಲಿ. ಕೇಂದ್ರ ಸರ್ಕಾರ 2025–26ಕ್ಕೆ ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ದರ) ನಿಗದಿ ಮಾಡಿತು. ಅದು ಕಾರ್ಖಾನೆಯ ಗೇಟಿನ ದರ. ಕಡಿದ, ಹೇರಿದ, ಸಾಗಿಸಿದ ಖರ್ಚು ಅದರಲ್ಲೇ ಕಳೆಯುತ್ತದೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರದಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ಧರಣಿ ಕೂತ ರೈತರ ಸಿಟ್ಟಿನ ಹಿಂದೆ ಗೇಟಿನ ದರದಲ್ಲೇ ಖರ್ಚು ಕಳೆದುಹೋಗುವ ಈ ಲೆಕ್ಕವೂ ಇತ್ತು. ಅವರ ಸಿಟ್ಟು ನ್ಯಾಯವಾದದ್ದು ಎಂದೇ ನನ್ನ ನಂಬಿಕೆ. ಇದರ ಮೇಲೆ, ಕಟಾವಿನ ಸರದಿ ಬೇಗ ಬರಲೆಂದು ಟೋಳಿಗೆ ಮೇಲುಗಾಸು ಕೊಡುವುದು ಬೇರೆ. ಅದಕ್ಕೆ ರಸೀದಿಯೇ ಇಲ್ಲ.

ಈಗ ಕಟಾವು ಯಂತ್ರಗಳು ಬರುತ್ತಿವೆ. ಅವು ಹೊಲದೊಳಗೆ ಓಡಾಡಬೇಕಾದರೆ ಸಾಲಿನಿಂದ ಸಾಲಿಗೆ ನಾಲ್ಕೈದು ಅಡಿ ಅಂತರ ಬೇಕು, ಹೊಲವೂ ಸ್ವಲ್ಪ ದೊಡ್ಡದಿರಬೇಕು. ತುಂಡು ಹೊಲದವರಿಗೆ ಟೋಳಿಯೇ ಗತಿ. ಯಂತ್ರವಿರಲಿ, ಟೋಳಿಯಿರಲಿ, ಎಷ್ಟು ಕಿಲೋಮೀಟರು, ಕಟಾವಿಗೆ ಎಷ್ಟು, ಬಾಡಿಗೆಗೆ ಎಷ್ಟು ಎಂಬುದನ್ನು ಪ್ರತಿ ಬಿಲ್ಲಿನಲ್ಲೂ ಬೇರೆಬೇರೆಯಾಗಿ ಬರೆದು, ಕರಾರಿನ ಒಂದು ಪ್ರತಿಯನ್ನು ರೈತನಿಗೂ ಕೊಡಬೇಕು.