ಸ್ಟಾರ್ಟ್ ಬಟನ್ ಯಾರದ್ದು?

2025ರ ಅಕ್ಟೋಬರ್ 14. ಅವತ್ತು ಜಗತ್ತಿನ ಕೋಟ್ಯಂತರ ಕಂಪ್ಯೂಟರ್‌ಗಳಿಗೆ ಒಂದೇ ದಿನದಲ್ಲಿ ವಯಸ್ಸಾಯಿತು. ಯಾವುದೂ ಕೆಟ್ಟಿರಲಿಲ್ಲ. ಕೀಬೋರ್ಡ್ ಸರಿ ಇತ್ತು, ಸ್ಕ್ರೀನ್ ಸರಿ ಇತ್ತು, ಒಳಗಿನ ಫೈಲುಗಳೂ ಇದ್ದ ಹಾಗೇ ಇದ್ದವು. ಆದರೆ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ಮೈಕ್ರೋಸಾಫ್ಟ್ ಅವತ್ತಿಗೆ ನಿಲ್ಲಿಸಿತು. ಸರಿ, ವಿಂಡೋಸ್ 11 ಹಾಕಿಕೊಳ್ಳೋಣ ಅಂತ ಹೋದ ಎಷ್ಟೋ ಜನಕ್ಕೆ ಸಿಕ್ಕ ಉತ್ತರ, ನಿಮ್ಮ ಕಂಪ್ಯೂಟರ್ ಇದಕ್ಕೆ ಅರ್ಹವಲ್ಲ ಅಂತ.

ದುಡ್ಡು ಕೊಟ್ಟು ತಂದವರು ನಾವು. ಕರೆಂಟ್ ಬಿಲ್ ಕಟ್ಟುವವರೂ ನಾವೇ. ಹಾಗಾದ್ರೆ ಅದು ಹಳೆಯದಾಯಿತು ಅಂತ ತೀರ್ಮಾನ ಮಾಡುವವರು ಯಾರು? ಇವತ್ತು ನಾನು ಮಾತಾಡಬೇಕು ಅಂದುಕೊಂಡಿರೋದು ಇದರ ಬಗ್ಗೆ.

ಮೊದಲು ಈ ಆಪರೇಟಿಂಗ್ ಸಿಸ್ಟಂ ಅಂದ್ರೆ ಏನು? ಮದುವೆ ಮನೆಯಲ್ಲಿ ಒಬ್ಬ ಸೋದರಮಾವ ಇರ್ತಾರೆ ನೋಡಿ. ಅಡುಗೆಯವರಿಗೆ ಏನು ಬೇಕು, ಪುರೋಹಿತರು ಎಲ್ಲಿ ಕೂರಬೇಕು, ವಾಲಗದವರಿಗೆ ಯಾವಾಗ ಊಟ, ಎಲ್ಲಾ ಅವರೇ ನೋಡಿಕೊಳ್ಳಬೇಕು. ಕಂಪ್ಯೂಟರ್ ಒಳಗೆ ಆ ಕೆಲಸ ಮಾಡುವುದೇ ಆಪರೇಟಿಂಗ್ ಸಿಸ್ಟಂ. ಸರಿಯಾಗಿ ನಡೆದಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಸೋದರಮಾವನನ್ನೇ ಬದಲಾಯಿಸಿದಾಗ ಇಡೀ ಮನೆಗೆ ಗೊತ್ತಾಗುತ್ತೆ.

1981ರಲ್ಲಿ ಐಬಿಎಂ ಪಿಸಿ ಬಂದಾಗ ಇದ್ದದ್ದು ಡಾಸ್. ಕಪ್ಪು ಪರದೆ, ಬಾಯಿಪಾಠ ಮಾಡಿದ ಆಜ್ಞೆಗಳು. 1984ರಲ್ಲಿ ಆಪಲ್ ತನ್ನ ಮ್ಯಾಕಿಂಟೋಷ್ ಮೂಲಕ ಮೌಸ್ ಮತ್ತು ಚಿತ್ರಗಳನ್ನು ಸಾಮಾನ್ಯರ ಮೇಜಿಗೆ ತಂದಿತು. ಆ ಕಲ್ಪನೆಗೆ ರೂಪ ಸಿಕ್ಕಿದ್ದು ಅದಕ್ಕೂ ಮೊದಲು, ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ. ನಮಗೆ ಜೆರಾಕ್ಸ್ ಅಂದ್ರೆ ಆಧಾರ್ ಕಾರ್ಡ್ ಕಾಪಿ ಮಾತ್ರ ನೆನಪಾಗೋದು! 1985ರಲ್ಲಿ ವಿಂಡೋಸ್ ಬಂತು. 1995ರ ಆಗಸ್ಟ್ 24ಕ್ಕೆ ಬಂದ ವಿಂಡೋಸ್ 95, ಪರದೆಯ ಎಡ ಕೆಳಮೂಲೆಯಲ್ಲಿ ಒಂದು ಬಟನ್ ಇಟ್ಟಿತು. ಅದರ ಮೇಲೆ ಬರೆದಿತ್ತು, ಸ್ಟಾರ್ಟ್.

ಆ ಬಟನ್‌ನ ಮಹಿಮೆ ಅರ್ಥ ಮಾಡಿಕೊಳ್ಳಿ. ನಮ್ಮ ತಾಲ್ಲೂಕು ಊರುಗಳ ಕಂಪ್ಯೂಟರ್ ಸೆಂಟರ್‌ಗಳಲ್ಲಿ ಎಷ್ಟೋ ಜನಕ್ಕೆ ಮೊದಲ ಪಾಠವೇ ಅದು. ಎಡಗಡೆ ಕೆಳಗೆ ಒತ್ತಿ. ಇಂಗ್ಲಿಷ್ ಬಾರದವರೂ ಜಾಗ ನೆನಪಿಟ್ಟುಕೊಂಡು ಕಂಪ್ಯೂಟರ್ ಕಲಿತರು. ಬಳಕೆದಾರ ಕಲಿಯುವುದು ಹಾಗೇ, ಕೈಯಿಂದ. ಕತ್ತಲಲ್ಲೂ ಅಡುಗೆಮನೆಯ ಸ್ವಿಚ್ ಸಿಗುತ್ತಲ್ಲ, ಆ ಥರ.

ನಾನು ಎಂಜಿನಿಯರಿಂಗ್ ಓದುವಾಗ ವಿಂಡೋಸ್ ವಿಸ್ಟಾ ಹೊಸದು. 2007ರಲ್ಲಿ ಬಂದಿತ್ತು. ನಮ್ಮ ಲ್ಯಾಬ್‌ನಲ್ಲಿ ಇದ್ದದ್ದು ಮಾತ್ರ 2001ರ ಎಕ್ಸ್‌ಪಿ. ಹಾಸ್ಟೆಲ್‌ನಲ್ಲೂ ಅದೇ. ಆಪರೇಟಿಂಗ್ ಸಿಸ್ಟಂ ಅನ್ನೋ ಪೇಪರ್ ಒಂದಿಡೀ ಸೆಮಿಸ್ಟರ್ ಓದಿದೆವು. ಮೆಮೊರಿ, ಶೆಡ್ಯೂಲಿಂಗ್, ಡೆಡ್‌ಲಾಕ್ ಎಲ್ಲಾ ಇತ್ತು. ಅದನ್ನು ಬಳಸುವ ಮನುಷ್ಯನ ಬಗ್ಗೆ ಒಂದು ಅಧ್ಯಾಯ ಇರಲಿಲ್ಲ.

ಆ ಇಲ್ಲದ ಅಧ್ಯಾಯವನ್ನು ಕಂಪನಿಗಳು ಅನುಭವದಿಂದ ಕಲಿಯಬೇಕಾಯಿತು. ವಿಸ್ಟಾ ಭಾರ, ಮಾತುಮಾತಿಗೆ ಅನುಮತಿ ಕೇಳುತ್ತೆ ಅಂತ ಜನ ದೂರವಿಟ್ಟರು. 2009ರ ವಿಂಡೋಸ್ 7 ಬಂದ ಮೇಲೇ ಸಮಾಧಾನ. 2012ರಲ್ಲಿ ಟ್ಯಾಬ್ಲೆಟ್ ಯುಗ ಬಂತು ಅನ್ನೋ ಅವಸರದಲ್ಲಿ ವಿಂಡೋಸ್ 8, ಆ ಸ್ಟಾರ್ಟ್ ಬಟನ್ನನ್ನೇ ತೆಗೆದುಹಾಕಿತು. ಹದಿನೇಳು ವರ್ಷದ ಅಭ್ಯಾಸ! ಜನ ಎಷ್ಟು ಗೊಣಗಿದರು ಅಂದ್ರೆ, ಒಂದೇ ವರ್ಷದಲ್ಲಿ 8.1 ಬಂದು ಬಟನ್ ಮರಳಿತು. 2015ರ ವಿಂಡೋಸ್ 10ರಲ್ಲಿ ಮೆನು ಕೂಡ ಪೂರ್ತಿ ವಾಪಸ್. ಉಚಿತ ತಂತ್ರಾಂಶದ ಲೋಕದಲ್ಲೂ ಇದೇ ಕಥೆ. 2011ರಲ್ಲಿ ಲಿನಕ್ಸ್‌ನ ಗ್ನೋಮ್ ಪರದೆಯ ರೂಪ ಪೂರಾ ಬದಲಾದಾಗ, ಹಳೆಯದೇ ಬೇಕು ಅಂದವರು ಅದರ ಪ್ರತಿ ತೆಗೆದು ಮಾಟೆ ಅಂತ ಬೇರೆಯದನ್ನೇ ಕಟ್ಟಿಕೊಂಡರು. ವಿಂಡೋಸ್ ಬಳಕೆದಾರ ಗೊಣಗಬಹುದು, ಲಿನಕ್ಸ್ ಬಳಕೆದಾರ ಬೇರೆ ಮನೆ ಮಾಡಬಹುದು. ವ್ಯತ್ಯಾಸ ಇಷ್ಟೇ.

ಈಗ ಕೆಲವರು ಹೇಳ್ತಾರೆ, ಇದೆಲ್ಲಾ ಸೋಮಾರಿತನ ಸಾರ್, ಜನಕ್ಕೆ ಹೊಸದು ಕಲಿಯೋ ಮನಸ್ಸಿಲ್ಲ ಅಂತ. ಹೌದಾ? ನಮ್ಮ ಕನ್ನಡದ ಡಿಟಿಪಿ ಅಂಗಡಿಗೆ ಬನ್ನಿ. ಲಗ್ನಪತ್ರಿಕೆ, ಕರಪತ್ರ, ಕವನ ಸಂಕಲನ, ಎಲ್ಲಾ ಪೇಜ್‌ಮೇಕರ್‌ನಲ್ಲಿ, ನುಡಿ ಅಥವಾ ಶ್ರೀಲಿಪಿ ಅಕ್ಷರಗಳಲ್ಲಿ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ತಮಾಷೆ ಅಂದ್ರೆ ಅದೇ ವರ್ಷದ ಎಕ್ಸ್‌ಪಿಯಲ್ಲಿ ತುಂಗಾ ಅನ್ನೋ ಕನ್ನಡ ಯೂನಿಕೋಡ್ ಫಾಂಟ್ ಬಂದಿತ್ತು. ಆದರೆ ಅಂಗಡಿಯವರ ಫೈಲುಗಳೆಲ್ಲಾ ಹಳೆಯ ಅಕ್ಷರಗಳಲ್ಲಿ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡವೇ ಕಾಣೋದಿಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಅಂಥವರು ಹಳೆಯ ಕಂಪ್ಯೂಟರ್ ಬಿಡದಿದ್ದರೆ ಅದು ಸೋಮಾರಿತನವಲ್ಲ. ಅದು ಅವರ ಹದಿನೈದು-ಇಪ್ಪತ್ತು ವರ್ಷದ ದುಡಿಮೆ.

ಬ್ಯಾಂಕುಗಳೇನು ಬೇರೆಯೇ? ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ. ಎಟಿಎಂಗಳಿಂದ ಅದನ್ನು ತೆಗೆಯಿರಿ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೂ ಗಡುವು ಕೊಡಬೇಕಾಯಿತು.

ಹಾಗಂತ ಕಂಪನಿಯ ಮಾತಿನಲ್ಲಿ ಹುರುಳಿಲ್ಲವೇ? ಇದೆ. ಬೆಂಬಲ ನಿಂತಿತು ಅಂದ್ರೆ ಕಂಪ್ಯೂಟರ್ ನಿಲ್ಲುವುದಿಲ್ಲ, ಭದ್ರತೆಯ ತೂತು ಮುಚ್ಚುವವರು ಇರುವುದಿಲ್ಲ. 2017ರ ಮೇ ತಿಂಗಳ ವಾನಾಕ್ರೈ ದಾಳಿ ನೆನಪಿದೆಯಾ? ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿದ ದಾಳಿ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳೇ ಮುಂದಕ್ಕೆ ಹೋದವು. ಬೆಂಬಲವಿದ್ದ ವಿಂಡೋಸ್‌ಗಳಿಗೆ ಮಾರ್ಚ್‌ನಲ್ಲೇ ತೇಪೆ ಸಿಕ್ಕಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನೋ ಚಿಪ್‌ನ ಕೆಲಸವೂ ಗುಪ್ತ ಕೀಲಿಗಳನ್ನು ಕಾಯುವುದೇ. ಕಾರಣ ಸುಳ್ಳಲ್ಲ. ಆದರೆ ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಿಂದಿನ ಬಹುತೇಕ ಪ್ರೊಸೆಸರ್‌ಗಳನ್ನು ಪಟ್ಟಿಯಿಂದಲೇ ಹೊರಗಿಟ್ಟಾಗ, 2016ರಲ್ಲಿ ಸಾಲ ಮಾಡಿ ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಿದ ಅಪ್ಪನಿಗೆ ಏನು ಉತ್ತರ? ಭದ್ರತೆಯ ಕಾರಣ ಕಂಪನಿಯದು, ಖರ್ಚು ಮಾತ್ರ ಅವರದು!

ಹಾಗಾಗಿ ಮೂರು ಮಾತು. ನಿಮ್ಮ ಮನೆಯಲ್ಲಿ ವಿಂಡೋಸ್ 10 ಇದ್ದರೆ ತಕ್ಷಣ ಗುಜರಿಗೆ ಹಾಕಬೇಡಿ. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಪಡೆಯುವ ದಾರಿ ಇದೆ, ಮೈಕ್ರೋಸಾಫ್ಟ್ ಖಾತೆಗೆ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿದರೆ ಅದು ಉಚಿತ. ಎರಡನೆಯದು, ಹಳೆಯ ಯಂತ್ರಕ್ಕೆ ಲಿನಕ್ಸ್ ಮಿಂಟ್ ಥರದ್ದು ಹಾಕಿ ನೋಡಬಹುದು. ಎಡಮೂಲೆಯ ಮೆನು ಅಲ್ಲಿದೆ. ಪಕ್ಕದ ಕೇರಳದ ಶಾಲಾ ಮಕ್ಕಳು ಎಷ್ಟೋ ವರ್ಷದಿಂದ ಲಿನಕ್ಸ್‌ನಲ್ಲೇ ಕಲಿಯುತ್ತಿದ್ದಾರೆ. ಅವರಿಗೆ ಅದೇ ಸುಲಭ, ಯಾಕಂದ್ರೆ ಮೊದಲು ಕಲಿತದ್ದು ಅದನ್ನೇ. ಮೂರನೆಯದು, ಮುಂದಿನ ಸಲ ಅಂಗಡಿಯಲ್ಲಿ ರ‍್ಯಾಮ್ ಎಷ್ಟು ಅಂತ ಕೇಳುವಾಗ ಇನ್ನೊಂದು ಪ್ರಶ್ನೆ ಸೇರಿಸಿ. ಇದರ ಆಪರೇಟಿಂಗ್ ಸಿಸ್ಟಂಗೆ ಬೆಂಬಲ ಯಾವ ವರ್ಷದವರೆಗೆ?

ಜನ ಗೊಣಗಿದ್ದರಿಂದಲೇ ಸ್ಟಾರ್ಟ್ ಬಟನ್ ವಾಪಸ್ ಬಂತು ಅನ್ನೋದನ್ನ ಮರೀಬೇಡಿ. ಗೊಣಗಾಟಕ್ಕೆ ಬೆಲೆ ಇದೆ. ಒಂದು ಬಟನ್‌ಗಾಗಿ ಅಷ್ಟು ಗಲಾಟೆ ಮಾಡಿದ ನಾವು, ಇಡೀ ಕಂಪ್ಯೂಟರನ್ನೇ ಬದಲಾಯಿಸಿ ಅಂದಾಗ ಸುಮ್ಮನಿರಬೇಕಾ?